ದೊಡ್ಡ ಬ್ಯಾಟರಿಯ ಅಗ್ಗದ ಆಂಡ್ರಾಯ್ಡ್ ಫೋನ್: ಪದೇ ಪದೇ ಕೇಳುವ ಪ್ರಶ್ನೆಗಳು

ದಸರಾ ಸೇಲ್ ಹತ್ತಿರ ಬಂತೆಂದರೆ ನೆಂಟರು, ಆಫೀಸಿನವರು, ಪಕ್ಕದ ಮನೆಯವರು ಎಲ್ಲರದ್ದೂ ಒಂದೇ ಪ್ರಶ್ನೆ. "ಹದಿನೈದು ಸಾವಿರದೊಳಗೆ ಚಾರ್ಜ್ ನಿಲ್ಲುವ ಫೋನ್ ಯಾವುದು ಹೇಳಿ." ಒಬ್ಬೊಬ್ಬರಿಗೂ ಬೇರೆ ಬೇರೆ ಟೈಪ್ ಮಾಡಿ ಸಾಕಾಗಿ ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ. ಅಗ್ಗದ ಫೋನ್ ಅಂದರೆ ಇಲ್ಲಿ 8ರಿಂದ 18 ಸಾವಿರ ರೂಪಾಯಿಯದು. ದೊಡ್ಡ ಬ್ಯಾಟರಿ ಅಂದರೆ 6000 ಎಂಎಎಚ್ ಮತ್ತು ಅದರ ಮೇಲೆ. 5000 ಈಗ ಎಲ್ಲರ ಫೋನಲ್ಲೂ ಇದೆ, ಅದನ್ನು ದೊಡ್ಡದು ಅನ್ನುವ ಕಾಲ ಹೋಯಿತು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಈ ಬೆಲೆಯಲ್ಲಿ ಬ್ಯಾಟರಿ ಸೋಲುವ ಮೊದಲು ಫೋನೇ ನಿಧಾನವಾಗಿ ಬೇಜಾರು ಹಿಡಿಸುತ್ತದೆ. ಹಾಗಾಗಿ ನೀವು ಬ್ಯಾಟರಿ ಬಗ್ಗೆ ಕೇಳಿದರೂ ನಾನು ಬೇರೆ ವಿಷಯಕ್ಕೆ ಎಳೆದುಕೊಂಡು ಹೋಗುತ್ತೇನೆ, ಸ್ವಲ್ಪ ತಾಳ್ಮೆ ಇರಲಿ.

6000 ಎಂಎಎಚ್ ಇದ್ದರೆ ಎರಡು ದಿನ ಚಾರ್ಜ್ ಬರುತ್ತದಾ?

ಬರಬಹುದು, ಬರದೇನೂ ಇರಬಹುದು. ಎಂಎಎಚ್ ಹೇಳುವುದು ಎಷ್ಟು ತುಂಬುತ್ತದೆ ಅಂತ ಮಾತ್ರ. ಖಾಲಿ ಮಾಡುವುದು ಸ್ಕ್ರೀನು, ಪ್ರೊಸೆಸರು, ನೆಟ್‌ವರ್ಕು, ಆಮೇಲೆ ನಾವು. ವಾಟ್ಸಾಪ್, ಒಂದಷ್ಟು ಕಾಲ್, ರಾತ್ರಿ ಊಟದ ಹೊತ್ತಿಗೆ ಒಂದು ಗಂಟೆ ಯೂಟ್ಯೂಬ್, ಅಷ್ಟೇ ಬಳಕೆ ಅನ್ನುವವರಿಗೆ ಎರಡು ದಿನ ಆರಾಮಾಗಿ ಬರುತ್ತದೆ. ಇಡೀ ದಿನ ರೀಲ್ಸ್, ಮಧ್ಯೆ ಲ್ಯಾಪ್‌ಟಾಪಿಗೆ ಹಾಟ್‌ಸ್ಪಾಟ್, ಸಂಜೆ ಗೇಮ್ ಅಂದರೆ ರಾತ್ರಿ ಚಾರ್ಜರ್ ಹುಡುಕುತ್ತೀರಿ.

ಇನ್ನೊಂದು ವಿಷಯ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ 6000 ಅಂತ ಇರುತ್ತದೆ, ಕೆಳಗೆ ಸಣ್ಣಕ್ಷರದಲ್ಲಿ "ಟಿಪಿಕಲ್" ಅಂತ ಬರೆದಿರುತ್ತಾರೆ. ಕನಿಷ್ಠ ಖಾತ್ರಿ ಕೊಡುವ "ರೇಟೆಡ್" ಅಂಕಿ ಅದಕ್ಕಿಂತ ನೂರು, ಇನ್ನೂರು ಕಡಿಮೆ ಇರುತ್ತದೆ. ಇದು ಮೋಸ ಅಲ್ಲ, ಎಲ್ಲರೂ ಹಾಗೇ ಬರೆಯುವುದು.

ಮೊದಲೆಲ್ಲ 7000 ಅಂದರೆ ಇಟ್ಟಿಗೆ ಥರ ಇರುತ್ತಿತ್ತು. ಈಗ ಹದಿನೈದು ಸಾವಿರಕ್ಕೇ ಬರುತ್ತಿದೆ. ಏನಾದರೂ ಮಸಲತ್ತಾ?

ಮಸಲತ್ತಲ್ಲ, ಬ್ಯಾಟರಿಯ ಒಳಗಿನ ಮಾಲೇ ಬದಲಾಗಿದೆ. 2018ರಲ್ಲಿ ಬಂದ ಆಸುಸ್ ಝೆನ್‌ಫೋನ್ ಮ್ಯಾಕ್ಸ್ ಪ್ರೊ ಎಂ1ನಲ್ಲಿ 5000 ಎಂಎಎಚ್ ಇತ್ತು, ಬೆಲೆ 10,999ರಿಂದ ಶುರು. ಆಗ ಅದೇ ದೊಡ್ಡ ಸುದ್ದಿ. 2019ರ ಸ್ಯಾಮ್‌ಸಂಗ್ ಎಂ30ಎಸ್ 6000ಕ್ಕೆ ಏರಿಸಿತು. 2020ರಲ್ಲಿ ಎಂ51 7000 ಕೊಟ್ಟಿತು, ಆದರೆ ಬೆಲೆ 24,999, ತೂಕ 213 ಗ್ರಾಂ. 2025ಕ್ಕೆ ಬನ್ನಿ. ಒಪ್ಪೋ ಕೆ13ರಲ್ಲಿ ಅಷ್ಟೇ 7000, ಬೆಲೆ 17,999. ರೆಡ್ಮಿ 15 5ಜಿಯಲ್ಲೂ 7000, ಅದು 14,999ರಿಂದ ಶುರು.

ಲಿಥಿಯಂ ಅಯಾನ್ ಬ್ಯಾಟರಿಯ ಒಂದು ಬದಿಯಲ್ಲಿ ಗ್ರಾಫೈಟ್ ಇರುತ್ತದೆ, ಚಾರ್ಜ್ ಆಗುವಾಗ ಲಿಥಿಯಂ ಹೋಗಿ ಕೂರುವ ಜಾಗ ಅದು. ಗ್ರಾಂ ಲೆಕ್ಕದಲ್ಲಿ ಸಿಲಿಕಾನ್ ಅದಕ್ಕಿಂತ ಸುಮಾರು ಹತ್ತು ಪಟ್ಟು ಲಿಥಿಯಂ ಹಿಡಿಯಬಲ್ಲದು. ತೊಂದರೆ ಏನೆಂದರೆ ಹಿಡಿದಾಗ ಸಿಲಿಕಾನ್ ಮೂರು ಪಟ್ಟಿಗಿಂತಲೂ ಜಾಸ್ತಿ ಉಬ್ಬುತ್ತದೆ, ಉಬ್ಬಿ ಇಳಿದು ಉಬ್ಬಿ ಇಳಿದು ಪುಡಿಯಾಗುತ್ತದೆ. ಹಾಗಾಗಿ ಸ್ವಲ್ಪ ಸಿಲಿಕಾನನ್ನು ಕಾರ್ಬನ್ ಜೊತೆ ಬೆರೆಸಿ ಹಾಕುತ್ತಾರೆ. ಇದನ್ನೇ ಸಿಲಿಕಾನ್ ಕಾರ್ಬನ್ ಬ್ಯಾಟರಿ ಅನ್ನುವುದು. ಅದೇ ಗಾತ್ರದಲ್ಲಿ ಸ್ವಲ್ಪ ಜಾಸ್ತಿ ಚಾರ್ಜ್, ಅಷ್ಟೇ ಪವಾಡ.

ಬರೀ ಎಂಎಎಚ್ ಹಿಂದೆ ಓಡಿದರೆ ಏನಾಗುತ್ತದೆ ಅನ್ನುವುದಕ್ಕೂ ಉದಾಹರಣೆ ಇದೆ. 2019ರಲ್ಲಿ ಎನರ್ಜೈಸರ್ ಹೆಸರಿನಲ್ಲಿ 18,000 ಎಂಎಎಚ್ ಫೋನ್ ತೋರಿಸಿದರು, ದಪ್ಪ 18 ಮಿಲಿಮೀಟರ್. ಜನರಿಂದ ಮುಂಗಡ ಹಣ ಎತ್ತಲು ಹೊರಟು ಗುರಿಯ ಹತ್ತಿರಕ್ಕೂ ಬರಲಿಲ್ಲ. ಜೇಬಿಗೆ ಹೋಗದ ಫೋನ್ ಯಾರಿಗೆ ಬೇಕು?

ಬ್ಯಾಟರಿ ಉಳಿಯಬೇಕೆಂದರೆ ಎಚ್‌ಡಿ ಪ್ಲಸ್ ಸ್ಕ್ರೀನ್ ಒಳ್ಳೆಯದಾ, ಫುಲ್ ಎಚ್‌ಡಿ ಪ್ಲಸ್ಸಾ?

ಎಚ್‌ಡಿ ಪ್ಲಸ್ ಅಂದರೆ 720 x 1600, ಸುಮಾರು 11.5 ಲಕ್ಷ ಚುಕ್ಕಿ. ಫುಲ್ ಎಚ್‌ಡಿ ಪ್ಲಸ್ 1080 x 2400, ಸುಮಾರು 26 ಲಕ್ಷ. ಎರಡು ಪಟ್ಟಿಗೂ ಜಾಸ್ತಿ. ಕಡಿಮೆ ಚುಕ್ಕಿ ಇದ್ದರೆ ಪ್ರೊಸೆಸರಿಗೆ ಕೆಲಸ ಕಡಿಮೆ, ಚಾರ್ಜ್ ಉಳಿಯುವುದು ನಿಜ. ಆದರೆ 6.7, 6.8 ಇಂಚಿನ ಪರದೆಯಲ್ಲಿ ಎಚ್‌ಡಿ ಪ್ಲಸ್ ಅಂದರೆ ಕನ್ನಡದ ಸಣ್ಣ ಅಕ್ಷರಗಳಲ್ಲಿ ಒತ್ತು, ದೀರ್ಘ ಎಲ್ಲ ಮಸುಕು ಮಸುಕು. ಅಂಗಡಿಯಲ್ಲಿ ಡೆಮೋ ಫೋನ್ ಇದ್ದರೆ ಯಾವುದಾದರೂ ಕನ್ನಡ ಪೇಪರಿನ ಸೈಟ್ ತೆಗೆದು "ಸ್ತ್ರೀ", "ಕ್ಷೇತ್ರ" ಥರದ ಪದ ನೋಡಿ. ಓದುವ ಅಭ್ಯಾಸ ಇರುವವರಿಗೆ ಅಲ್ಲೇ ಉತ್ತರ ಸಿಗುತ್ತದೆ.

120 ಹರ್ಟ್ಸ್ ರಿಫ್ರೆಶ್ ರೇಟ್, ಅಂದರೆ ಪರದೆ ಸೆಕೆಂಡಿಗೆ 120 ಸಲ ಹೊಸದಾಗಿ ಮೂಡುವುದು, ಬೇಕೇಬೇಕು ಅಂತಿಲ್ಲ. ಸೆಟ್ಟಿಂಗ್ಸಿನಲ್ಲಿ 60ಕ್ಕೆ ಇಳಿಸಿದರೆ ಚಾರ್ಜ್ ಇನ್ನಷ್ಟು ಹೊತ್ತು ಬರುತ್ತದೆ.

ಡಾರ್ಕ್ ಮೋಡ್ ಹಾಕಿದರೆ ಉಳಿಯುತ್ತದಾ?

ಅಮೋಲೆಡ್ ಪರದೆ ಆದರೆ ಹೌದು, ಕಪ್ಪು ಇರುವ ಕಡೆ ಚುಕ್ಕಿಗಳೇ ಆರಿರುತ್ತವೆ. ಎಲ್‌ಸಿಡಿ ಆದರೆ ಹಿಂದಿನ ಲೈಟು ಹೇಗೂ ಉರಿಯುತ್ತಲೇ ಇರುತ್ತದೆ, ಕಣ್ಣಿಗೆ ಹಿತ ಅನ್ನುವುದು ಬಿಟ್ಟರೆ ಲಾಭ ಇಲ್ಲ.

ಪ್ರೊಸೆಸರ್ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಏನು ನೋಡಲಿ?

ಒಂದು ಅಂಕಿ ನೋಡಿ ಸಾಕು, ನ್ಯಾನೋಮೀಟರ್. ಪ್ರೊಸೆಸರ್ ಚಿಪ್ಪನ್ನು ಎಷ್ಟು ನಯವಾಗಿ ಮಾಡಿದ್ದಾರೆ ಅನ್ನುವ ಲೆಕ್ಕ ಅದು. ಕಡಿಮೆ ಇದ್ದಷ್ಟೂ ಅದೇ ಕೆಲಸಕ್ಕೆ ಸಾಮಾನ್ಯವಾಗಿ ಕಡಿಮೆ ಚಾರ್ಜ್, ಕಡಿಮೆ ಬಿಸಿ. ಹೀಲಿಯೋ ಜಿ85, ಯುನಿಸಾಕ್ ಟಿ612 ಇವೆಲ್ಲ 12 ನ್ಯಾನೋಮೀಟರಿನವು. ಡೈಮೆನ್ಸಿಟಿ 6300 ಆರು. ಸ್ನ್ಯಾಪ್‌ಡ್ರ್ಯಾಗನ್ 4 ಜೆನ್ 2, ಡೈಮೆನ್ಸಿಟಿ 7300 ನಾಲ್ಕು. 12ರ ಚಿಪ್ಪಿನ ಜೊತೆ 6000 ಬ್ಯಾಟರಿಗಿಂತ 4ರ ಚಿಪ್ಪಿನ ಜೊತೆ 5500 ಇದ್ದರೆ ನಾನು ಕಣ್ಣು ಮುಚ್ಚಿ ಎರಡನೆಯದನ್ನು ತೆಗೆದುಕೊಳ್ಳುತ್ತೇನೆ. ಕೊನೆಗೆ ಚಾರ್ಜ್ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ, ಕೈಯಲ್ಲಿ ಹಗುರ, ಕೆಲಸ ಚುರುಕು.

4 ಜಿಬಿ ರ‍್ಯಾಮ್ ಸಾಲುವುದಿಲ್ಲವಾ? "ಪ್ಲಸ್ 8 ಜಿಬಿ ವರ್ಚುವಲ್ ರ‍್ಯಾಮ್" ಅಂತ ಬೇರೆ ಬರೆದಿದ್ದಾರೆ.

ಇದಕ್ಕೆ ಸ್ವಲ್ಪ ಉದ್ದ ಉತ್ತರ, ಯಾಕೆಂದರೆ ಫೋನಿನ ಆಯುಸ್ಸು ನಿಂತಿರುವುದು ಇಲ್ಲೇ.

ವರ್ಚುವಲ್ ರ‍್ಯಾಮ್ ಅಂದರೆ ಸ್ಟೋರೇಜಿನ ಒಂದು ಮೂಲೆಯನ್ನು ರ‍್ಯಾಮ್ ಥರ ಬಳಸುವುದು. ಅಡುಗೆಮನೆ ಕಟ್ಟೆಯಲ್ಲಿ ಜಾಗ ಇಲ್ಲ ಅಂತ ಪಾತ್ರೆಗಳನ್ನು ಅಟ್ಟಕ್ಕೆ ಹಾಕಿ, ಬೇಕಾದಾಗೆಲ್ಲ ಏಣಿ ಹತ್ತಿ ಇಳಿಸಿಕೊಂಡ ಹಾಗೆ. ಜಾಗ ಸಿಗುತ್ತದೆ, ಅಡುಗೆ ಬೇಗ ಆಗುವುದಿಲ್ಲ. ಅದರಲ್ಲೂ ಈ ಬೆಲೆಯ ಎಷ್ಟೋ ಫೋನುಗಳಲ್ಲಿ ಸ್ಟೋರೇಜ್ ಇಎಂಎಂಸಿ 5.1 ಅನ್ನುವ ಹಳೇ ಬಗೆಯದು. ಯುಎಫ್‌ಎಸ್ 2.2 ಅನ್ನುವ ಹೊಸ ಬಗೆ ಅದಕ್ಕಿಂತ ಹಲವು ಪಟ್ಟು ವೇಗ. ಆಪ್ ತೆರೆಯುವುದು, ಗ್ಯಾಲರಿಯಲ್ಲಿ ಫೋಟೋ ಮೂಡುವುದು, ಅಪ್‌ಡೇಟ್ ಆಗುವಾಗ ಫೋನ್ ತಬ್ಬಿಬ್ಬಾಗದೇ ಇರುವುದು, ಎಲ್ಲ ಇದರ ಮೇಲೆ. ಜಾಹೀರಾತಿನಲ್ಲಿ ಇದನ್ನು ಯಾರೂ ದೊಡ್ಡದಾಗಿ ಹಾಕುವುದಿಲ್ಲ. ಸ್ಪೆಸಿಫಿಕೇಶನ್ ಪಟ್ಟಿಯಲ್ಲಿ "ಸ್ಟೋರೇಜ್ ಟೈಪ್" ಅಂತ ಹುಡುಕಿ. ಬರೆದೇ ಇಲ್ಲ ಅಂದರೆ ಬಹುತೇಕ ಇಎಂಎಂಸಿ ಅಂದುಕೊಳ್ಳಿ.

2020ರ ಎರಡು ಫೋನ್ ನೋಡಿ. ರಿಯಲ್‌ಮಿ ಸಿ12: 6000 ಎಂಎಎಚ್, 3 ಜಿಬಿ ರ‍್ಯಾಮ್, 32 ಜಿಬಿ ಸ್ಟೋರೇಜ್, 8,999 ರೂಪಾಯಿ. ಸ್ಯಾಮ್‌ಸಂಗ್ ಎಂ31: ಅದೇ 6000, ಆದರೆ 6 ಜಿಬಿ ರ‍್ಯಾಮ್, ಫುಲ್ ಎಚ್‌ಡಿ ಪ್ಲಸ್ ಅಮೋಲೆಡ್, ಬೆಲೆ ಹದಿನೈದು ಸಾವಿರದ ಆಸುಪಾಸು. ಬ್ಯಾಟರಿ ಅಂಕಿ ಒಂದೇ. ಎಂ31 ಹಿಡಿದುಕೊಂಡು ಈಗಲೂ ಓಡಾಡುವವರನ್ನು ನೋಡುತ್ತೇನೆ. 3 ಜಿಬಿ, 32 ಜಿಬಿ ಫೋನಿನಲ್ಲಿ ಇವತ್ತಿನ ವಾಟ್ಸಾಪ್, ಒಂದು ಯುಪಿಐ ಆಪ್, ಒಂದು ಬ್ಯಾಂಕ್ ಆಪ್ ಹಾಕಿದರೆ "ಸ್ಟೋರೇಜ್ ಫುಲ್" ಅನ್ನುವ ಸೂಚನೆ ಬಂದು ಕೂರುತ್ತದೆ. ಬ್ಯಾಟರಿ ಗಟ್ಟಿಯಾಗಿಯೇ ಇರುತ್ತದೆ ಪಾಪ.

ಈಗ ಕೊಳ್ಳುವುದಾದರೆ 6 ಜಿಬಿ, 128 ಜಿಬಿಗಿಂತ ಕಡಿಮೆ ಬೇಡ. ಸಾವಿರ ರೂಪಾಯಿ ಜಾಸ್ತಿ ಆಗುತ್ತದಾ? ಕ್ಯಾಮೆರಾದಲ್ಲಿ ಕಡಿಮೆ ಮಾಡಿಕೊಳ್ಳಿ. ಆ 2 ಮೆಗಾಪಿಕ್ಸೆಲ್ ಮ್ಯಾಕ್ರೋ ಕ್ಯಾಮೆರಾ ಸುಮ್ನೆ ಲೆಕ್ಕಕ್ಕೆ ಇರುವುದು.

ಅಂಗಡಿಯಲ್ಲಿ ಚೆನ್ನಾಗಿತ್ತು, ಊರಿಗೆ ಹೋದ ಕೂಡಲೇ ಚಾರ್ಜ್ ಸರ್ರನೆ ಇಳಿಯುತ್ತದೆ. ಫೋನ್ ಕೆಟ್ಟಿದೆಯಾ?

ಕೆಟ್ಟಿರುವುದು ಸಿಗ್ನಲ್. ಟವರ್ ದೂರ ಇದ್ದಷ್ಟೂ ಫೋನ್ ಜೋರಾಗಿ ಕೂಗಬೇಕು, ಅಂದರೆ ಆಂಟೆನಾಕ್ಕೆ ಜಾಸ್ತಿ ಶಕ್ತಿ. ಒಂದು ಕಡ್ಡಿ ಬಂದು ಹೋಗಿ ಮಾಡುವ ಜಾಗದಲ್ಲಿ 5ಜಿಯಿಂದ 4ಜಿಗೆ, ಒಂದು ಟವರಿನಿಂದ ಇನ್ನೊಂದಕ್ಕೆ ಹಾರುತ್ತಲೇ ಇರುತ್ತದೆ. ಕೊಪ್ಪ, ಶೃಂಗೇರಿ, ಹೊಸನಗರದ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರಿನ ಬ್ಯಾಟರಿಯೂ ಮುಗಿದರೆ, ಫೋನ್ ಟೇಬಲ್ ಮೇಲೆ ಸುಮ್ಮನೆ ಇಟ್ಟಲ್ಲೇ ಸಿಗ್ನಲ್ ಹುಡುಕಿ ಹುಡುಕಿ ಖಾಲಿಯಾಗುತ್ತದೆ.

ಮಾಡಬಹುದಾದ್ದು ಇಷ್ಟು. 5ಜಿ ಸರಿಯಾಗಿ ಇಲ್ಲದ ಕಡೆ ಸಿಮ್ ಸೆಟ್ಟಿಂಗ್ಸಿಗೆ ಹೋಗಿ 4ಜಿಗೆ ಕಟ್ಟಿಹಾಕಿ. ಎರಡನೇ ಸಿಮ್ ಆ ಊರಿನಲ್ಲಿ ಹಿಡಿಯುವುದೇ ಇಲ್ಲ ಅಂದರೆ ಅದನ್ನು ಆಫ್ ಮಾಡಿ, ಚಾರ್ಜ್ ತಿನ್ನುವ ಕಳ್ಳ ಹೆಚ್ಚಿನ ಸಲ ಅದೇ. ಮನೆಗೆ ಫೈಬರ್ ಇದ್ದರೆ ವೈಫೈ ಕಾಲಿಂಗ್ ಆನ್ ಮಾಡಿಕೊಳ್ಳಿ. ಜಿಯೋ, ಏರ್‌ಟೆಲ್ ಎರಡರಲ್ಲೂ ಇದೆ, ವೈಫೈ ಯಾರದಾದರೂ ನಡೆಯುತ್ತದೆ. ರಾತ್ರಿ ಕಾಲ್ ಬರುವ ನಿರೀಕ್ಷೆ ಇಲ್ಲದಿದ್ದರೆ ಏರೋಪ್ಲೇನ್ ಮೋಡ್.

ಮಲೆನಾಡಿನಲ್ಲೋ ಕಾಡಂಚಿನಲ್ಲೋ ಇರುವವರಿಗೆ 7000ದ ಫೋನ್ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಬೆಂಗಳೂರಿನಲ್ಲಿ ಆಫೀಸು, ಮನೆ ಎರಡು ಕಡೆಯೂ ವೈಫೈ, ಕೈಗೆ ಸಿಗುವಲ್ಲಿ ಪ್ಲಗ್ ಇರುವವರಿಗೆ ಅಷ್ಟೊಂದು ಯಾಕೆ ಅಂತ ನನಗೆ ಅರ್ಥವಾಗುವುದಿಲ್ಲ.

5ಜಿ ಇರಲೇಬೇಕಾ?

ಹತ್ತು ಸಾವಿರದ ಮೇಲೆ ಕೊಡುತ್ತಿದ್ದರೆ ಇರಲಿ. ಆದರೆ "5ಜಿ" ಅಂತ ಬರೆದಿದ್ದು ಸಾಕಾಗುವುದಿಲ್ಲ. ಜಿಯೋ 2022ರಲ್ಲಿ ಎಸ್‌ಎ ಅನ್ನುವ, 4ಜಿಯ ಆಸರೆ ಇಲ್ಲದೆ ನಡೆಯುವ ಬಗೆಯ 5ಜಿ ಶುರು ಮಾಡಿತು, ಏರ್‌ಟೆಲ್ 4ಜಿಯನ್ನು ಆಧಾರ ಮಾಡಿಕೊಂಡ ಎನ್‌ಎಸ್‌ಎ ಬಗೆಯಿಂದ ಶುರು ಮಾಡಿತು. 2024ರ ಕೊನೆಗೆ ಬಂದ ರೆಡ್ಮಿ ಎ4 5ಜಿ ಎಸ್‌ಎ ಮಾತ್ರ ಹಿಡಿಯುತ್ತಿತ್ತು. ಅಂದರೆ ಬಿಡುಗಡೆಯ ಹೊತ್ತಿಗೆ ಏರ್‌ಟೆಲ್ ಸಿಮ್ ಹಾಕಿದವರಿಗೆ 4ಜಿ ಅಷ್ಟೇ ಗತಿ. ನಿಮ್ಮ ಸಿಮ್ ಯಾವುದು, ಫೋನ್ ಎರಡೂ ಬಗೆ ಹಿಡಿಯುತ್ತದಾ, ಕೊಳ್ಳುವ ಮೊದಲೇ ನೋಡಿ.

ಚಾರ್ಜ್ ಆಗಲು ಎಷ್ಟು ಹೊತ್ತು? ಪೆಟ್ಟಿಗೆಯಲ್ಲಿ ಚಾರ್ಜರೇ ಇಲ್ವಲ್ಲ!

6000 ಎಂಎಎಚ್ ಬ್ಯಾಟರಿಯಲ್ಲಿ ಸುಮಾರು 23 ವ್ಯಾಟ್ ಅವರ್ ಶಕ್ತಿ ತುಂಬುತ್ತದೆ. ಮನೆಯ ಡ್ರಾಯರಿನಲ್ಲಿ ಬಿದ್ದಿರುವ 10 ವ್ಯಾಟಿನ ಚಾರ್ಜರ್ ಹಾಕಿದರೆ ಮೂರು ಗಂಟೆಗೂ ಜಾಸ್ತಿ ಕಾಯಬೇಕು. 18 ವ್ಯಾಟಿಗೆ ಎರಡು ಗಂಟೆ ಚಿಲ್ಲರೆ. 33ಕ್ಕೆ ಒಂದೂಕಾಲು, ಒಂದೂವರೆ ಗಂಟೆ. ಕೊನೆಯ ಹತ್ತು ಹದಿನೈದು ಪರ್ಸೆಂಟ್ ಯಾವ ಚಾರ್ಜರಿನಲ್ಲೂ ನಿಧಾನ, ಅದು ಬೇಕಂತಲೇ ಹಾಗೆ ಮಾಡಿರುವುದು.

ಬೆಲೆ ಹೋಲಿಸುವಾಗ ಚಾರ್ಜರ್ ಇಲ್ಲದ ಫೋನಿಗೆ ಅದರ ದುಡ್ಡನ್ನೂ ಸೇರಿಸಿಕೊಳ್ಳಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ನೂರೈವತ್ತು ರೂಪಾಯಿಗೆ "65 ವ್ಯಾಟ್, ಒರಿಜಿನಲ್" ಅಂತ ಕೊಟ್ಟರೆ ನಗುತ್ತಾ ಮುಂದೆ ಹೋಗಿ. ಚಾರ್ಜರಿನ ಮೇಲೆ ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ) ಗುರುತು, ಅದರ ಜೊತೆ "ಆರ್" ಅಕ್ಷರದಿಂದ ಶುರುವಾಗುವ ನಂಬರ್ ಇರಬೇಕು. ಆ ನಂಬರನ್ನು ಬಿಐಎಸ್ ಕೇರ್ ಆಪಿನಲ್ಲಿ ಹಾಕಿದರೆ ತಯಾರಿಸಿದವರು ಯಾರು ಅಂತ ಅಲ್ಲೇ ಬರುತ್ತದೆ.

ರಾತ್ರಿಯಿಡೀ ಚಾರ್ಜಿಗೆ ಹಾಕಬಹುದಾ? 80ಕ್ಕೆ ನಿಲ್ಲಿಸಬೇಕು ಅನ್ನುತ್ತಾರೆ.

ಹಾಕಬಹುದು, ತುಂಬಿದ ಮೇಲೆ ಫೋನೇ ನಿಲ್ಲಿಸಿಕೊಳ್ಳುತ್ತದೆ. ಆದರೆ ಬ್ಯಾಟರಿಗೆ ದೊಡ್ಡ ಶತ್ರು ಬಿಸಿ. ದಿಂಬಿನ ಕೆಳಗೆ, ದಪ್ಪ ಕವರ್ ಸಮೇತ, ಗೇಮ್ ಆಡುತ್ತಾ ಚಾರ್ಜ್ ಮಾಡಬೇಡಿ. 80 ಪರ್ಸೆಂಟ್ ಮಿತಿಯ ಆಯ್ಕೆ ಇದ್ದರೆ ಆನ್ ಮಾಡಿಡಿ, ದೊಡ್ಡ ಬ್ಯಾಟರಿಯಲ್ಲಿ 80 ಅಂದರೂ ದಿನ ಕಳೆಯುತ್ತದೆ.

ದೊಡ್ಡ ಬ್ಯಾಟರಿಯ ನಿಜವಾದ ಲಾಭವನ್ನು ಯಾರೂ ಹೇಳುವುದಿಲ್ಲ, ಅದು ಇಲ್ಲಿದೆ. ಬ್ಯಾಟರಿಯ ವಯಸ್ಸನ್ನು ಸೈಕಲ್ ಲೆಕ್ಕದಲ್ಲಿ ಅಳೆಯುತ್ತಾರೆ. ಒಟ್ಟು 100 ಪರ್ಸೆಂಟ್ ಖರ್ಚಾದರೆ ಒಂದು ಸೈಕಲ್. ದಿನಕ್ಕೆ ನಿಮ್ಮ ಖರ್ಚು 4000 ಎಂಎಎಚ್ ಅಂತಿಟ್ಟುಕೊಳ್ಳಿ. 4000ದ ಬ್ಯಾಟರಿಯಾದರೆ ವರ್ಷಕ್ಕೆ 365 ಸೈಕಲ್. 6000ದ್ದಾದರೆ 243. ಅದೇ ಬಳಕೆ, ಸವೆತ ಮೂರನೇ ಒಂದು ಭಾಗ ಕಡಿಮೆ.

ಕೊಂಡ ಮೇಲೆ ಬ್ಯಾಟರಿ ಸರಿಯಿದೆಯಾ ಅಂತ ಮನೆಯಲ್ಲೇ ಹೇಗೆ ನೋಡುವುದು?

ಮೊದಲ ಎರಡು ಮೂರು ದಿನದ ಲೆಕ್ಕ ಬಿಟ್ಟುಬಿಡಿ. ಹೊಸ ಫೋನ್ ಆಗ ಆಪ್ ಅಪ್‌ಡೇಟ್, ಫೋಟೋ ಬ್ಯಾಕಪ್ ಅಂತ ಒಳಗೊಳಗೇ ದುಡಿಯುತ್ತಿರುತ್ತದೆ. ಆಮೇಲೆ ಒಂದು ರಾತ್ರಿ ಪೂರ್ತಿ ಚಾರ್ಜ್ ಮಾಡಿ, ಹತ್ತು ಗಂಟೆಗೆ ವೈರ್ ತೆಗೆದು, ವೈಫೈ ಆನ್ ಇಟ್ಟು ಮಲಗಿ. ಬೆಳಿಗ್ಗೆ ಆರಕ್ಕೆ ನೋಡಿ. ಎರಡರಿಂದ ನಾಲ್ಕು ಪರ್ಸೆಂಟ್ ಇಳಿದಿದ್ದರೆ ಸರಿ. ಹತ್ತು ಇಳಿದಿದ್ದರೆ ಯಾವುದೋ ಆಪ್ ನಿದ್ದೆ ಮಾಡುತ್ತಿಲ್ಲ ಅಥವಾ ಸಿಗ್ನಲ್ ಸರಿಯಿಲ್ಲ. ಸೆಟ್ಟಿಂಗ್ಸ್, ಬ್ಯಾಟರಿ, ಬ್ಯಾಟರಿ ಯೂಸೇಜ್ ತೆರೆದು ಮೇಲಿನ ನಾಲ್ಕೈದು ಹೆಸರು ನೋಡಿ.

ಮರುದಿನ ಬೆಳಕನ್ನು ಅರ್ಧಕ್ಕೆ ಇಟ್ಟು ವೈಫೈನಲ್ಲಿ ಒಂದು ಗಂಟೆ ಯೂಟ್ಯೂಬ್ ಓಡಿಸಿ, ಎಷ್ಟು ಇಳಿಯಿತು ಬರೆದುಕೊಳ್ಳಿ. ಆಮೇಲೆ ಅದನ್ನೇ ವೈಫೈ ತೆಗೆದು ಮೊಬೈಲ್ ಡೇಟಾದಲ್ಲಿ ಮಾಡಿ. ಎರಡರ ನಡುವಿನ ವ್ಯತ್ಯಾಸ ನಿಮ್ಮ ಏರಿಯಾದ ನೆಟ್‌ವರ್ಕಿನ ಖರ್ಚು. 100ರಿಂದ 90ಕ್ಕೆ ಇಳಿಯುವ ವೇಗ ನೋಡಿ ಲೆಕ್ಕ ಹಾಕಬೇಡಿ, ಎಷ್ಟೋ ಫೋನುಗಳು 100ರಲ್ಲೇ ಒಂದಷ್ಟು ಹೊತ್ತು ಕೂತಿರುತ್ತವೆ. 80ರಿಂದ 40ರ ನಡುವಿನ ಅಳತೆ ಹೆಚ್ಚು ನಂಬಿಕೆಯದು. ಆನ್‌ಲೈನಿನಲ್ಲಿ ಕೊಂಡಿದ್ದರೆ ಬದಲಿ ಕೇಳುವ ಅವಧಿ ಸಾಮಾನ್ಯವಾಗಿ 7 ದಿನ ಅಷ್ಟೇ, ಇದೆಲ್ಲ ಅದರೊಳಗೇ ಮುಗಿಸಿ.

ಬ್ಯಾಟರಿ ಸೇವರ್ ಆಪ್ ಹಾಕಿಕೊಳ್ಳಲಾ?

ಬೇಡ. ಅಂಥ ಆಪ್‌ಗಳಲ್ಲಿ ಹೆಚ್ಚಿನವು ಜಾಹೀರಾತು ತೋರಿಸಿ ತಾವೇ ಚಾರ್ಜ್ ತಿನ್ನುತ್ತವೆ. ಅಗ್ಗದ ಫೋನುಗಳಲ್ಲಿ ತೊಂದರೆ ಉಲ್ಟಾ: ಎರಡು ದಿನ ಬರುತ್ತದೆ ಅಂತ ತೋರಿಸಲು ಕಂಪನಿಯೇ ಹಿನ್ನೆಲೆಯ ಆಪ್‌ಗಳನ್ನು ಕೊಲ್ಲುತ್ತಿರುತ್ತದೆ. ವಾಟ್ಸಾಪ್ ತೆರೆದಾಗ ಮಾತ್ರ ಮೆಸೇಜ್ ಬರುವುದು, ಅಲಾರಂ ಆಪ್ ಕೈಕೊಡುವುದು, ಎಲ್ಲ ಇದರಿಂದಲೇ. ಮುಖ್ಯವಾದ ಆಪ್‌ಗಳಿಗೆ ಆಟೋಸ್ಟಾರ್ಟ್ ಆನ್ ಮಾಡಿ, ಬ್ಯಾಟರಿಯಲ್ಲಿ "ನಿರ್ಬಂಧ ಇಲ್ಲ" ಅಂತ ಆಯ್ಕೆ ಮಾಡಿ.

ಅಪ್ಪ ಅಮ್ಮನಿಗೆ ಕೊಡಿಸಲು 7000 ಒಳ್ಳೆಯದಲ್ವಾ? ಚಾರ್ಜ್ ಹಾಕುವುದನ್ನೇ ಮರೆಯುತ್ತಾರೆ.

ಒಮ್ಮೆ ಅವರ ಕೈಗೆ ಕೊಟ್ಟು ನೋಡಿ. ಇನ್ನೂರು ಗ್ರಾಂ ದಾಟಿದ ಫೋನನ್ನು ಮಲಗಿಕೊಂಡು ಹಿಡಿದು ಧಾರಾವಾಹಿ ನೋಡುವಾಗ ಮಣಿಕಟ್ಟು ನೋಯುತ್ತದೆ, ಕೈ ಜಾರಿ ಮುಖದ ಮೇಲೂ ಬೀಳುತ್ತದೆ. ಅವರಿಗೆ ಬೇಕಿರುವುದು ಜೋರಾದ ಸ್ಪೀಕರ್, ಬಿಸಿಲಲ್ಲಿ ಕಾಣುವ ಪರದೆ, ಪದೇ ಪದೇ ಜಾಹೀರಾತು ತೋರಿಸದ ಸಾಫ್ಟ್‌ವೇರ್. ಬಹಳ ಕಾಲ ಅಪ್‌ಡೇಟ್ ಸಿಗುವುದೂ ಮುಖ್ಯ, ಯುಪಿಐ ಬಳಸುವವರಿಗಂತೂ. 2025ರ ಸ್ಯಾಮ್‌ಸಂಗ್ ಎಂ16 5ಜಿಯಲ್ಲಿ ಬ್ಯಾಟರಿ 5000 ಅಷ್ಟೇ, ಆದರೆ 6 ವರ್ಷದ ಅಪ್‌ಡೇಟ್ ಮಾತು ಕೊಟ್ಟಿದ್ದಾರೆ. ಇದೇ ಬೆಲೆಯ ಎಷ್ಟೋ ಫೋನುಗಳು ಎರಡು ಆಂಡ್ರಾಯ್ಡ್ ಆವೃತ್ತಿಗೆ ಕೈ ತೊಳೆದುಕೊಳ್ಳುತ್ತವೆ. ನನ್ನ ಆಯ್ಕೆ ಮನೆಯವರಿಗೆ ಯಾವಾಗಲೂ ಅಂಥ ಫೋನೇ.

ಡೆಲಿವರಿ ಕೆಲಸ, ದಿನವಿಡೀ ಮ್ಯಾಪ್ ಆನ್. ಏನು ನೋಡಲಿ?

ನಿಮಗೆ ಬೇಕು ನೋಡಿ 6500, 7000. ಪೂರ್ತಿ ಬೆಳಕು, ಜಿಪಿಎಸ್, ಡೇಟಾ, ಕಾಲ್ ಎಲ್ಲ ಒಟ್ಟಿಗೆ. ಜೊತೆಗೆ ಕನಿಷ್ಠ 33 ವ್ಯಾಟ್ ಚಾರ್ಜಿಂಗ್ ಇರಲಿ, ಊಟದ ಬಿಡುವಿನಲ್ಲಿ ಅರ್ಧ ತುಂಬಿಕೊಳ್ಳಬಹುದು. ಬೈಕಿನ ಹ್ಯಾಂಡಲಿಗೆ ಸಿಕ್ಕಿಸಿದ ಫೋನ್ ಏಪ್ರಿಲ್ ಬಿಸಿಲಿಗೆ ಕಾದು ತಾನೇ ಬೆಳಕು ಇಳಿಸಿಕೊಳ್ಳುತ್ತದೆ, ಆ ಹೊತ್ತಿನಲ್ಲಿ ಚಾರ್ಜಿಗೂ ಹಾಕಿದರೆ ಇನ್ನೂ ಬಿಸಿ. ಅದಕ್ಕೇ ಇಲ್ಲಿ 4 ಅಥವಾ 6 ನ್ಯಾನೋಮೀಟರ್ ಚಿಪ್ ಬಿಟ್ಟು ಬೇರೆ ನೋಡಬೇಡಿ.

5000ದ ಫೋನ್ ಜೊತೆ ಪವರ್ ಬ್ಯಾಂಕ್ ಇಟ್ಟುಕೊಂಡರೆ ಸಾಲದಾ?

ಎಷ್ಟೋ ಜನರಿಗೆ ಧಾರಾಳ ಸಾಕು. 10,000 ಎಂಎಎಚ್ ಅಂದರೆ ಎರಡು ಸಲ ತುಂಬುತ್ತದೆ ಅಂದುಕೊಳ್ಳಬೇಡಿ ಅಷ್ಟೇ. ಆ ಅಂಕಿ ಒಳಗಿನ 3.7 ವೋಲ್ಟಿನ ಲೆಕ್ಕ, ಹೊರಗೆ 5 ವೋಲ್ಟಿಗೆ ಏರಿಸಿ ಕೊಡುವಾಗ ಆರು ಸಾವಿರದ ಆಸುಪಾಸಿಗೆ ಬರುತ್ತದೆ. ಪವರ್ ಬ್ಯಾಂಕಿನ ಹಿಂದೆ "ರೇಟೆಡ್ ಕೆಪ್ಯಾಸಿಟಿ" ಅಂತ ಅದನ್ನೂ ಬರೆದಿರುತ್ತಾರೆ. ವಿಮಾನದಲ್ಲಿ ಹೋಗುವಾಗ ಕೈಚೀಲದಲ್ಲೇ ಇರಬೇಕು, ಚೆಕ್ ಇನ್ ಬ್ಯಾಗಿಗೆ ಹಾಕುವಂತಿಲ್ಲ.

ದೊಡ್ಡ ಬ್ಯಾಟರಿಯಿಂದ ಕರೆಂಟ್ ಬಿಲ್ ಜಾಸ್ತಿ ಬರುತ್ತದಾ?

6000ದ ಫೋನನ್ನು ದಿನಾ ಸೊನ್ನೆಯಿಂದ ನೂರಕ್ಕೆ ತುಂಬಿದರೂ ತಿಂಗಳಿಗೆ ಹತ್ತಿರ ಹತ್ತಿರ ಒಂದು ಯೂನಿಟ್. ಮಕ್ಕಳನ್ನು ಬೈಯಲು ಬೇರೆ ಕಾರಣ ಹುಡುಕಿ.

ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳಬಹುದಾ?

ಬ್ಯಾಟರಿಗಾಗಿಯೇ ಕೊಳ್ಳುತ್ತಿದ್ದರೆ ಬೇಡ ಅನ್ನುತ್ತೇನೆ. ಕೊಳ್ಳಲೇಬೇಕೆಂದರೆ *#06# ಒತ್ತಿ ಐಎಂಇಐ, ಅಂದರೆ ಆ ಫೋನಿಗೇ ಮೀಸಲಾದ ನಂಬರ್ ನೋಡಿ, ಸರ್ಕಾರದ ಸಂಚಾರ್ ಸಾಥಿ ಸೈಟಿನಲ್ಲಿ ಅದನ್ನು ಹಾಕಿ ಕಳವಿನ ಮಾಲಲ್ಲ ಅಂತ ಖಚಿತ ಮಾಡಿಕೊಳ್ಳಿ. ಫೋನನ್ನು ಮೇಜಿನ ಮೇಲೆ ಅಂಗಾತ ಇಟ್ಟು ಒಂದು ಮೂಲೆ ಒತ್ತಿ ನೋಡಿ. ಅಲ್ಲಾಡಿದರೆ, ಹಿಂಬದಿ ಎಲ್ಲೋ ಒಂದು ಕಡೆ ಎದ್ದಂತಿದ್ದರೆ ಬ್ಯಾಟರಿ ಉಬ್ಬಿರಬಹುದು.

ಬ್ಯಾಟರಿ ಉಬ್ಬಿದೆ, ಇನ್ನೂ ಕೆಲಸ ಮಾಡುತ್ತಿದೆ. ಬಳಸಲಾ?

ಇವತ್ತೇ ನಿಲ್ಲಿಸಿ. ಚಾರ್ಜ್ ಮಾಡಬೇಡಿ, ಒತ್ತಬೇಡಿ, ಚಾಕು ಹಾಕಿ ಬಿಚ್ಚಲು ಹೋಗಬೇಡಿ. ಚುಚ್ಚಿದರೆ ಬೆಂಕಿ ಹತ್ತಿಕೊಳ್ಳುತ್ತದೆ. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಬದಲಾಯಿಸಿಕೊಳ್ಳಿ, ಬೀದಿಯಲ್ಲಿ ಸಿಗುವ "ಹೈ ಕೆಪ್ಯಾಸಿಟಿ" ಬ್ಯಾಟರಿ ಬೇಡ. ತೆಗೆದ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕದೆ ಅಲ್ಲೇ ಬಿಟ್ಟು ಬನ್ನಿ.

ಹಳೇ ಫೋನನ್ನು ಡ್ರಾಯರಿನಲ್ಲಿ ಇಟ್ಟುಕೊಳ್ಳಬಹುದಾ, ಅರ್ಜೆಂಟಿಗೆ ಬೇಕಾಗುತ್ತದೆ ಅಂತ?

ಇಡಿ. ಅರ್ಧ ಚಾರ್ಜ್ ಮಾಡಿ, ಆಫ್ ಮಾಡಿ, ತಣ್ಣಗಿರುವ ಜಾಗದಲ್ಲಿಡಿ. ಎರಡು ಮೂರು ತಿಂಗಳಿಗೊಮ್ಮೆ ತೆಗೆದು ಮತ್ತೆ ಅರ್ಧಕ್ಕೆ ತನ್ನಿ. ಪೂರ್ತಿ ಖಾಲಿಯಾಗಿ ಬಿದ್ದಿದ್ದರೆ ಬೇಕಾದ ದಿನ ಆನ್ ಆಗುವುದಿಲ್ಲ. ಎಕ್ಸ್‌ಚೇಂಜಿಗೆ ಕೊಡುವುದಾದರೆ ಮೊದಲು ಗೂಗಲ್ ಅಕೌಂಟ್ ತೆಗೆದು, ಆಮೇಲೆ ರೀಸೆಟ್ ಮಾಡಿ. ಉಲ್ಟಾ ಮಾಡಿದರೆ ಫೋನ್ ಹಳೇ ಪಾಸ್‌ವರ್ಡ್ ಕೇಳುತ್ತಾ ಕೂರುತ್ತದೆ, ತೆಗೆದುಕೊಂಡು ಹೋಗಲು ಬಂದ ಹುಡುಗ ಬಾಗಿಲಲ್ಲೇ ವಾಪಸ್ ಕೊಟ್ಟು ಹೋಗುತ್ತಾನೆ.